ಒಳಗಿರುವ ಮನುಷ್ಯ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸಂಜೆ ಡ್ಯೂಟಿ ಮುಗಿಸಿ ಬರುವ ಯೋಗರಾಜ್ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾನೆ. ಕೂತ ಕೂಡಲೇ ಮಾಡುವ ಕೆಲಸ, ಕುತ್ತಿಗೆಯಲ್ಲಿ ನೇತಾಡುವ ಕಂಪನಿ ಟ್ಯಾಗನ್ನು ಅಂಗಿ ಜೇಬಿಗೆ ತುರುಕುವುದು. ನಾನು ನೋಡಿಯೂ ನೋಡದವನ ಹಾಗಿರುತ್ತೇನೆ. ಕೆಲವು ದಿನ ಮಾತ್ರ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಏನು ಸಾಹೇಬ್ರೇ, ಇವತ್ತು ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದ್ರಿ?"

"ಸುಮ್ನಿರು ಸುಬ್ಬಣ್ಣ, ಸುಸ್ತಾಗಿದೆ," ಅನ್ನುತ್ತಾನೆ.

ಅವನ ಸುಸ್ತು ಮೈಯದ್ದಲ್ಲ ಅಂತ ನನಗೆ ಗೊತ್ತು. ಕೆಲವು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಕಂಪನಿಯ ವಿರುದ್ಧ ಕಟ್ಟುಗಟ್ಟಲೆ ಕರಪತ್ರ ಮಾಡಿಸಿಕೊಂಡು ಹೋಗುತ್ತಿದ್ದವನು ಅವನು. ಮೊಬೈಲಿನಲ್ಲಿ ಏನು ಆರ್ಡರ್ ಮಾಡಿದರೂ ಮನೆಬಾಗಿಲಿಗೆ ಮುಟ್ಟಿಸುವ ದೊಡ್ಡ ಟೆಕ್ನಾಲಜಿ ಕಂಪನಿ ಅದು, ಹೆಸರು ಬೇಡ ಬಿಡಿ. ಆಗ ಯೋಗರಾಜ್ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ. ಯಾರದ್ದು ಮೋಸ, ಯಾರ ಐಡಿ ನಿಲ್ಲಿಸಬೇಕು ಅನ್ನುವುದನ್ನೆಲ್ಲ ಅಲ್ಲಿ ಕಂಪ್ಯೂಟರೇ ತೀರ್ಮಾನಿಸುತ್ತಿತ್ತು. ಬೆಳಿಗ್ಗೆ ಎದ್ದರೆ ಐಡಿ ಬಂದ್ ಆಗಿರುತ್ತಿತ್ತು, ಅಲ್ಲಿಗೆ ಕೆಲಸವೂ ಬಂದ್. ಯಾಕೆ ಅಂತ ಕೇಳಲು ಆ ಕಡೆ ಯಾರೂ ಇರುತ್ತಿರಲಿಲ್ಲ. "ಒಬ್ಬ ಮನುಷ್ಯನಾದರೂ ನೋಡಲಿ" ಅಂತ ಕರಪತ್ರದ ತಲೆಬರಹ. ಬಸ್ ಸ್ಟ್ಯಾಂಡಿನ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದ. ಪೇಪರಿನಲ್ಲೂ ಬಂದಿತ್ತು.

ಕಂಪನಿಯವರು ಜಾಣರು. ಜಗಳಕ್ಕೆ ಬರಲಿಲ್ಲ, ಕರೆದು ಕೂರಿಸಿ ಕಾಫಿ ಕೊಟ್ಟರು. "ಮನುಷ್ಯ ಬೇಕು ಅಂದ್ರಲ್ಲ, ನೀವೇ ಬನ್ನಿ" ಅಂದರು. ಇವನು ಒಪ್ಪಿಕೊಂಡ. ಜೊತೆಗಿದ್ದ ಹುಡುಗರಲ್ಲಿ ಕೆಲವರು ಅವನ ಜೊತೆ ಮಾತು ಬಿಟ್ಟರು. ನನ್ನೆದುರು ಅವನು ಹೇಳಿದ್ದಿಷ್ಟು: "ಒಳಗೆ ಹೋದ್ರೂ ನನ್ನ ತಲೆ ನನ್ನ ಹತ್ರಾನೇ ಇರುತ್ತೆ ಸುಬ್ಬಣ್ಣ. ಓದದೆ ಒಂದು ಬಟನ್ನೂ ಒತ್ತಲ್ಲ."

ಆ ಮಾತನ್ನು ಉಳಿಸಿಕೊಂಡಿದ್ದಾನೆ, ಅದನ್ನು ಒಪ್ಪಬೇಕು. ಸವಳಂಗ ರಸ್ತೆಯ ಟೈಲ್ಸ್ ಅಂಗಡಿಯ ಮೇಲಿನ ಆಫೀಸಿನಲ್ಲಿ ಕೂತು, ಕಂಪ್ಯೂಟರ್ ಹಿಡಿದ ಮೋಸಗಳನ್ನು ಮತ್ತೊಮ್ಮೆ ನೋಡುವುದು ಅವನ ಕೆಲಸ. ಪರದೆಯಲ್ಲಿ ಎರಡು ಬಟನ್: ಕಂಪ್ಯೂಟರ್ ಹೇಳಿದ್ದು ಸರಿ, ಇಲ್ಲವೇ ತಪ್ಪು. ಸರಿ ಒತ್ತಿದರೆ ಮುಂದಿನ ಕೇಸು ಬರುತ್ತದೆ. ತಪ್ಪು ಒತ್ತಿದರೆ ಯಾಕೆ ಅಂತ ಉದ್ದಕ್ಕೆ ಬರೆಯಬೇಕು. ಊಟದ ಹೊತ್ತು ಹತ್ತಿರ ಬಂದಾಗ ಯಾರ ಬೆರಳಾದರೂ ಯಾವ ಕಡೆ ಹೋಗುತ್ತದೆ ಹೇಳಿ. ಇವನೊಬ್ಬ ಬರೆಯುತ್ತಾ ಕೂರುತ್ತಾನೆ. ಅವನ ಮ್ಯಾನೇಜರ್ ಸೌಂದರ್ಯ ನಮ್ಮೂರಿನ ಹುಡುಗಿಯೇ, ಕೆಟ್ಟವಳಲ್ಲ. "ನಿಮ್ಮ ಅಭಿಪ್ರಾಯ ನಮಗೆ ತುಂಬಾ ಮುಖ್ಯ ಯೋಗರಾಜ್ ಅವರೇ, ಆದ್ರೆ ಸ್ವಲ್ಪ ಸ್ಪೀಡಾಗಿ" ಅಂತ ನಗುತ್ತಲೇ ಹೇಳುತ್ತಾಳೆ. ಮೀಟಿಂಗಿನಲ್ಲಿ ಅವನು ಕಂಪನಿಯನ್ನು ಬೈದರೆ ಚಪ್ಪಾಳೆ ತಟ್ಟುತ್ತಾರಂತೆ. "ಬೈದ್ರೆ ಬೇಜಾರಾದ್ರೂ ಮಾಡ್ಕೋಬೇಕಲ್ವಾ" ಅಂತ ಒಂದು ಸಂಜೆ ಗೊಣಗಿದ.

ಹೋದ ತಿಂಗಳು ಅವನ ಪರದೆಗೆ ಭದ್ರಾವತಿಯ ಒಂದು ಕೇಸು ಬಂತು. ಒಂದೇ ಫೋನ್ ನಂಬರು, ಹತ್ತಾರು ಹೆಸರು, ಎಲ್ಲ ಪಾರ್ಸೆಲ್ಲೂ ತೆಗೆದುಕೊಂಡವಳು ಒಬ್ಬಳೇ ಮುದುಕಿ. ಇದು ನಕಲಿ ಗಿರಾಕಿಗಳ ಜಾಲ, ನಂಬರ್ ಬಂದ್ ಮಾಡಬೇಕು ಅಂತ ಕಂಪ್ಯೂಟರಿನ ತೀರ್ಮಾನ. ವಿಳಾಸ ಓದಿದ ಯೋಗರಾಜನಿಗೆ ನಗು ಬಂತಂತೆ. ಅದು ಅವನು ಹುಟ್ಟಿ ಬೆಳೆದ ಕಾರ್ಖಾನೆ ಕ್ವಾರ್ಟರ್ಸಿನ ಸಾಲುಮನೆಗಳ ಲೈನು. ಆ ಮುದುಕಿ ಪಕ್ಕದ ಮನೆಯ ಹಾಲಮ್ಮ.

ಆ ಲೈನಿನ ಪದ್ಧತಿ ಗೊತ್ತಿದ್ದವರಿಗೆ ಇದರಲ್ಲಿ ಮೋಸ ಎಲ್ಲಿಂದ ಕಾಣಬೇಕು? ಬೆಳಗಾದರೆ ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೊರಡುತ್ತಾರೆ. ಮಂಡಿನೋವಿನ ಹಾಲಮ್ಮ ಬಾಗಿಲಲ್ಲಿ ಕೂತಿರುತ್ತಾಳೆ. ಕನ್ನಡದವರು, ತಮಿಳರು, ತೆಲುಗರು ಅನ್ನದೆ ಎಲ್ಲರ ಮನೆ ಬೀಗದ ಕೈಯೂ ಆಕೆಯ ಗೋಡೆಯ ಮೊಳೆಗಳಲ್ಲಿ ತೂಗುತ್ತಿರುತ್ತದೆ. ಮೊದಲು ಹಾಲು, ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುತ್ತಿದ್ದಳು, ಈಗ ಪಾರ್ಸೆಲ್. ಒಟಿಪಿ ಆಕೆಗೇ ಬರಲಿ ಅಂತ ಆರ್ಡರ್ ಮಾಡುವಾಗ ಎಲ್ಲರೂ ಆಕೆಯ ನಂಬರನ್ನೇ ಕೊಡುತ್ತಾರೆ.

ಯೋಗರಾಜ್ ತಪ್ಪು ಒತ್ತಿ, ಇಷ್ಟನ್ನೂ ಬರೆದ. ಅಷ್ಟಕ್ಕೆ ಸುಮ್ಮನೆ ಬಿಡಬಾರದೇ? "ಇವರು ನನಗೆ ಗೊತ್ತು, ನಾನೂ ಅದೇ ಲೈನಿನವನು" ಅಂತಲೂ ಸೇರಿಸಿದ. ಗೊತ್ತಿರುವವರ ಕೇಸನ್ನು ನೋಡುವ ಹಾಗಿಲ್ಲವಂತೆ. ಅದನ್ನು ಅವನಿಂದ ಕಿತ್ತು ಬೇರೊಬ್ಬರಿಗೆ ಕೊಟ್ಟರು. ಆ ಬೇರೊಬ್ಬರು ಯಾವ ಊರಲ್ಲಿ ಕೂತಿದ್ದರೋ, ಸರಿ ಒತ್ತಿದರು. ಇವನು ಸೌಂದರ್ಯಳ ಹತ್ತಿರ ಹೋದ. "ರೂಲ್ ಇದೆ, ನಾನೇನ್ ಮಾಡ್ಲಿ ಹೇಳಿ" ಅಂದಳು. ಪರಿಚಯವೇ ಇಲ್ಲದವನು ಮಾತ್ರ ನ್ಯಾಯ ಹೇಳಬೇಕು ಅಂತ ರೂಲ್ ಬರೆದ ಪುಣ್ಯಾತ್ಮನ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಭಾನುವಾರ ಅವನ ಜೊತೆ ನಾನೂ ಭದ್ರಾವತಿಗೆ ಹೋದೆ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಹಾಲಮ್ಮ ಚಾಪೆ ಹಾಸಿದಳು, ಟೀ ಕೊಟ್ಟಳು, ಆಮೇಲೆ ಫೋನನ್ನು ಅವನ ಕೈಗಿಟ್ಟಳು. ಅದರಲ್ಲಿ ಹೀಗೊಂದು ಮೆಸೇಜ್ ಇತ್ತು: "ವಂಚನೆಯ ಕಾರಣ ಈ ನಂಬರನ್ನು ನಿಲ್ಲಿಸಲಾಗಿದೆ. ಈ ನಿರ್ಧಾರವನ್ನು ಮನುಷ್ಯರೇ ಪರಿಶೀಲಿಸಿದ್ದಾರೆ."

"ಪಾರ್ಸೆಲ್ ಹೋದ್ರೆ ಹೋಗ್ಲಿ ಮಗಾ," ಅಂದಳು. "ಇದು ಲೈನಿಗೆಲ್ಲ ಗೊತ್ತಾಯ್ತು. ಮೊನ್ನೆ ಕೊನೇ ಮನೆಯವಳು ಬಂದು ಅವಳ ಬೀಗದ ಕೈ ವಾಪಸ್ ತಗೊಂಡು ಹೋದ್ಲು. ಏನೂ ಅನ್ನಲಿಲ್ಲ. ತಗೊಂಡು ಹೋದ್ಲು ಅಷ್ಟೇ."

ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು.

"ಒತ್ತಿದ್ದು ನಾನಲ್ಲ ದೊಡ್ಡಮ್ಮ. ನಾನು ತಪ್ಪು ಅಂತಾನೇ ಬರೆದಿದ್ದೆ."

"ನೀನಲ್ಲ ಅಂತ ನಂಗೊತ್ತಿಲ್ವೇನೋ? ಮಿಕ್ಕಿದವರೆಲ್ಲ ನಿಮ್ಮ ಆಫೀಸಿಗೆ ಹೋಗಿ ಗಲಾಟೆ ಮಾಡೋಣ ಅಂತ ಹೊರಟಿದ್ರು. ನಾನೇ ಬೇಡ ಅಂದೆ. ನಮ್ಮ ಚೌಡಪ್ಪನ ಮಗ ಒಳಗಿದ್ದಾನಲ್ಲ, ಅವನು ನೋಡ್ಕೋತಾನೆ, ನಾವು ಬೀದೀಲಿ ಕೂಗಿದ್ರೆ ಅವನಿಗೆ ಅವಮಾನ ಅಂದೆ. ಸುಮ್ನಾದ್ರು."

ಯೋಗರಾಜ್ ಟೀ ಲೋಟ ಕೆಳಗಿಟ್ಟ. ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಮುಖ ನೋಡಲಾಗಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. "ಬಿಟ್ಬಿಡು ಮಾರಾಯ ಆ ಕೆಲಸ" ಅಂದೆ.

"ಬಿಟ್ರೆ ಆ ಕುರ್ಚೀಲಿ ಓದದೆ ಒತ್ತೋನು ಬಂದು ಕೂರ್ತಾನೆ," ಅಂದ. "ಇದ್ರೆ, ನನ್ನ ನಂಬ್ಕೊಂಡು ಲೈನಿನವರು ಬಾಯಿ ಮುಚ್ಕೊಂಡು ಕೂರ್ತಾರೆ. ಕಂಪನಿಯವರು ನನಗೆ ಸಂಬಳ ಕೊಡೋದು ಅದಕ್ಕೇ ಇರಬೇಕು ಸುಬ್ಬಣ್ಣ."

ಶಿವಮೊಗ್ಗದಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಭಾನುವಾರ ಅಂದರೂ ಕೇಳದೆ ನನ್ನ ಅಂಗಡಿಯ ಶಟರ್ ಎತ್ತಿಸಿದ. ಬಿಳಿ ಹಾಳೆ ಎಳೆದುಕೊಂಡು ನಿಂತಲ್ಲೇ ದೊಡ್ಡ ಅಕ್ಷರದಲ್ಲಿ ಬರೆದ. ಹಾಳೆಯ ಕೆಳಭಾಗ ಖಾಲಿ ಬಿಟ್ಟು, ಲೈನಿನ ಮನೆಗೊಂದು ಬೇಕು ಅಂತ ನನ್ನ ಕೈಗೆ ಕೊಟ್ಟ.

"ಹಾಲಮ್ಮ ಯಾರಿಗೂ ಮೋಸ ಮಾಡಿಲ್ಲ. ಇದನ್ನು ಹೇಳಲು ಬುಧವಾರ ಎಲ್ಲರೂ ಸವಳಂಗ ರಸ್ತೆಯ ಆಫೀಸಿಗೆ ಬನ್ನಿ. ಜೋರಾಗಿ ಕೂಗಿ. ನಾನು ಒಳಗಿದ್ದೇನೆ ಅಂತ ಸುಮ್ಮನಿರಬೇಡಿ."

ಅವನ ಹಳೆಯ ಕರಪತ್ರಗಳಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಕೆಳಗೆ 'ಡೆಲಿವರಿ ಹುಡುಗರು' ಅಂತಷ್ಟೇ ಇರುತ್ತಿತ್ತು. ಇದಕ್ಕೂ ಹಾಗೇ ಏನಾದರೂ ಹಾಕಲಾ ಅಂದೆ.

ಯೋಗರಾಜ್ ಜೇಬಿನಿಂದ ಟ್ಯಾಗು ತೆಗೆದ. ಜೆರಾಕ್ಸ್ ಮಿಷನ್ನಿನ ಗಾಜಿನ ಮೇಲೆ, ಹಾಳೆಯ ಖಾಲಿ ಜಾಗ ಬರುವ ಕಡೆ, ಅದನ್ನು ಮಗುಚಿಟ್ಟ. "ಇದನ್ನೂ ಸೇರಿಸಿ ಹೊಡಿ" ಅಂದ.

ಅದರ ಮೇಲೆ ಹಾಳೆ ಇಟ್ಟು ಮುಚ್ಚಳ ಮುಚ್ಚಿದೆ. ಮೊದಲ ಪ್ರತಿ ಬಿಸಿಬಿಸಿಯಾಗಿ ಹೊರಗೆ ಬಂತು. ಬರಹದ ಕೆಳಗೆ ಅವನ ಫೋಟೊ, ಹೆಸರು, ಕಂಪನಿ ಕೊಟ್ಟ ಹುದ್ದೆ: ಮಾನವ ಪರಿಶೀಲಕ. ಅವನು ಅದನ್ನು ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಓದಿದ.

"ಸರಿ ಇದೆ," ಅಂದ. "ಮಿಕ್ಕಿದ್ದು ಹೊಡಿ."