ರೈಟಣ್ಣನ ಹೋಲ್ಡಾನ್

ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿತು. ಬಾಗಿಲಲ್ಲಿ ನಿಂತು 'ರೈಟ್' ಎಂದರೆ ಬಸ್ಸು ಹೊರಡಬೇಕು, 'ಹೋಲ್ಡಾನ್' ಎಂದರೆ ನಿಲ್ಲಬೇಕು. ಇವನ 'ರೈಟ್' ಮಾತ್ರ ಜನ ಹತ್ತುವ ಮೊದಲೇ ಬಾಯಿಂದ ಹಾರುತ್ತಿತ್ತು. ಹಾಗಾಗಿ ಎಲ್ಲರಿಗೂ ಅವನು ರೈಟಣ್ಣ. ಚಹಾವನ್ನೂ ನಡೆಯುತ್ತಲೇ ಕುಡಿಯುತ್ತಿದ್ದ ಆಸಾಮಿ.

ಅಂಥವನ ಅನ್ನನಾಳದಲ್ಲಿ ಗಡ್ಡೆ ಬಂತು. ಡಾಕ್ಟರು ಅನ್ನನಾಳದ ಬಹುಭಾಗ ತೆಗೆದು, ಜಠರವನ್ನೇ ಮೇಲಕ್ಕೆಳೆದು ಕತ್ತಿನ ಹತ್ತಿರ ಹೊಲಿದರು. ಜೀವ ಉಳಿಯಿತು. ಆದರೆ ದನಿ ಗೊಗ್ಗರು, ನಾಲ್ಕು ಹೆಜ್ಜೆಗೆ ಏದುಸಿರು, ಒಂದು ತುತ್ತು ಹೆಚ್ಚಾದರೆ ಬೆವರು, ಎದೆ ಡವಡವ. ಇದೆಲ್ಲಕ್ಕಿಂತ ಅವನನ್ನು ಕೊರೆದದ್ದು ಡಿಪೋ ಮ್ಯಾನೇಜರ್ ಮಾತು.

"ಒಂದು ಟ್ರಿಪ್ ಮಾಡಿ ತೋರಿಸಿ. ಆಗ್ಲಿಲ್ವಾ, ಕಳೆದುಹೋದ ಸಾಮಾನಿನ ರೂಮಲ್ಲಿ ಒಂದು ಕುರ್ಚಿ ಇದೆ."

ಕುರ್ಚಿಯಂತೆ, ಕುರ್ಚಿ! ಯಾರೋ ಮರೆತುಹೋದ ಕೊಡೆಗಳ ಮಧ್ಯೆ ತಾನೂ ಒಂದು ಕೊಡೆಯಾಗಿ ಕೂರಬೇಕೇ? ನೆನೆದರೇ ರೈಟಣ್ಣನಿಗೆ ಮೈ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಮೊದಲ ದಿನ ಒಂದು ಗಿಡ್ಡ ಮೆಟ್ಟಿಲು ಮುಂದಿಟ್ಟು "ರೈಟ್" ಎಂದರು. ಈ ಪುಣ್ಯಾತ್ಮ ಮೆಟ್ಟಿಲು ದಾಟಿ ಸೀದಾ ಬಾಗಿಲ ತನಕ ಹೋಗಿಬಿಟ್ಟ.

"ಬಲಗಾಲು ಇಡಿ ಅಂದೆ ಸರ್! ಎಲ್ಲಿಗೆ ಹೊರಟ್ರಿ?"

"ರೈಟ್ ಅಂದ್ರಲ್ಲ ತಾಯೀ!"

ಮೇಡಂ ನಕ್ಕು ಸುಸ್ತಾದರು. ಆಮೇಲೆ ನಗು ನುಂಗಿ ಹೇಳಿದರು: "ನಡೆಯೋದು ನಿಮಗೆ ಬರುತ್ತೆ, ನಿಲ್ಲೋದು ಬರಲ್ಲ. ಮಾತಾಡೋಕೆ ಆಗದಷ್ಟು ಏದುಸಿರು ಬಂದ್ರೆ ನಿಲ್ಲಿ. ಭುಜ ಸಡಿಲ ಬಿಟ್ಟು, ಮೆಲ್ಲಗೆ ಊದೋ ಹಾಗೆ ಉಸಿರು ಬಿಡಿ. ಆಮೇಲೆ ಹೊರಡಿ."

ನಿಲ್ಲುವುದನ್ನು ಕಲಿಯೋಕೆ ಆಸ್ಪತ್ರೆಗೆ ಬರಬೇಕೇ? ಆ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬಂತು. ಒಂದು ಮಧ್ಯಾಹ್ನ ಹೆಂಡತಿಯ ಕಣ್ಣು ತಪ್ಪಿಸಿ, ಮನೆಯ ಮೂರು ಮಹಡಿಯನ್ನೂ ಒಂದೇ ಬಾರಿಗೆ ಹತ್ತಿಬಿಡುತ್ತೇನೆಂದು ಹೊರಟ. ನಡುವಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದ. ಹೆಂಡತಿ ಓಡಿ ಬಂದಳು.

"ಯಾವ ಬಸ್ ಹಿಡಿಯೋಕೆ ಹೋಗಿದ್ರಿ? ಜನ್ಮವೆಲ್ಲ ನಿಮ್ಮ ರೈಟ್ ರೈಟ್ ಕೇಳಿದ್ದಾಯ್ತು. ನಿಮ್ಮ ದಮ್ಮಯ್ಯ, ಒಂದ್ಸಲ ಹೋಲ್ಡಾನ್ ಅನ್ರೀ!"

ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು. ರೈಟಣ್ಣನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಟ್ರಿಪ್ಪಿನ ದಿನ ಬಂತು. ಡ್ರೈವರ್ ಹಳೆಯ ಜೊತೆಗಾರ. ಮುಂದಿನ ಸೀಟಲ್ಲಿ ಮ್ಯಾನೇಜರ್. ಬಸ್ಸು ಗಿಜಿಗಿಜಿ. ಟಿಕೆಟ್ ಕೊಡುತ್ತಾ, ನುಗ್ಗುತ್ತಾ ರೈಟಣ್ಣ ಹಿಂದಿನ ಸೀಟಿಗೆ ಬರುವಷ್ಟರಲ್ಲಿ ಉಸಿರು ಬರಿದಾಯಿತು. "ಎಲ್ಲಿಗಮ್ಮಾ" ಎನ್ನಲು ಹೋದರೆ ಬರೀ ಗಾಳಿ. ಮ್ಯಾನೇಜರ್ ಕತ್ತು ತಿರುಗಿಸಿ ನೋಡುತ್ತಿದ್ದರು. ನಿಂತರೆ ಕುರ್ಚಿ ಗತಿ, ನಿಲ್ಲದಿದ್ದರೆ ನೆಲ. ಕಾಲು ಮಾತ್ರ ಹಾಳಾದ್ದು, ಮುಂದಕ್ಕೇ ಎಳೆಯುತ್ತಿತ್ತು. ಹೆಂಡತಿ ಅತ್ತದ್ದು ನೆನಪಾಯಿತು. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿದ.

"ಹೋಲ್ಡಾನ್!"

ಸ್ಟಾಪೇ ಇಲ್ಲದ ಕಡೆ ಬಸ್ಸು ಗಕ್ಕನೆ ನಿಂತಿತು.

"ಯಾರ್ರೀ ಇಳಿಯೋರು?" ಒಬ್ಬ ಹೆಂಗಸು ರೇಗಿದಳು.

ರೈಟಣ್ಣ ಕಂಬಿ ಹಿಡಿದು, ಭುಜ ಸಡಿಲ ಬಿಟ್ಟು, ಮೆಲ್ಲಗೆ ಊದಿದ. "ಯಾರೂ ಇಲ್ಲಮ್ಮಾ. ನಾನೇ ಸ್ವಲ್ಪ ನಿಲ್ತಿದೀನಿ."

ಮ್ಯಾನೇಜರ್ ಡ್ರೈವರ್ ಕಡೆ ಬಾಗಿದರು. "ಅಷ್ಟು ಹಿಂದಿನಿಂದ ಆ ದನಿ ಕೇಳಿಸ್ತೇನ್ರೀ?"

"ಕೇಳದೆ ಬ್ರೇಕ್ ಹಾಕಿದ್ನಾ ಸಾರ್? ಇಷ್ಟು ವರ್ಷದಲ್ಲಿ ಅವನು ತಾನಾಗಿ ನಿಂತಿದ್ದು ಇದೇ ಮೊದಲು."

ಮ್ಯಾನೇಜರ್ ಗಡಿಯಾರ ನೋಡಿಕೊಂಡು ಸಿಡುಕಿದರು. "ಬೇಗ ಉಸಿರು ತಗೊಳ್ರೀ! ನಾಳೆಯಿಂದ ಹೀಗೆ ಲೇಟ್ ಮಾಡಿದ್ರೆ ಸುಮ್ನಿರಲ್ಲ."

ನಾಳೆಯಿಂದ! ರೈಟಣ್ಣನ ಕಣ್ಣು ತುಂಬಿ ಬಂತು. ಆದರೂ ಆತುರ ಪಡಲಿಲ್ಲ.

"ಇರಿ ಸಾರ್," ಎಂದ. "ನಾನಿನ್ನೂ ರೈಟ್ ಅಂದಿಲ್ಲ."