ಅಪ್ಪನ ಕಾಳುಗಳನ್ನು ಅಲ್ಲಾಳಸಂದ್ರಕ್ಕೆ ಒಯ್ದದ್ದು

ಗದಗಿನ ರೈಲು ಯಶವಂತಪುರ ಮುಟ್ಟಿದಾಗ ಬೆಳಿಗ್ಗೆ ಏಳು ಗಂಟೆ, ಮೋಡ ಕವಿದಿತ್ತು. ಒಳಜೇಬಿನ ಗಾಜಿನ ಸೀಸೆಯನ್ನು ಮತ್ತೆ ಮುಟ್ಟಿ ನೋಡಿಕೊಂಡೆ. ಅಪ್ಪ ಮೂವತ್ತು ವರ್ಷ ಊರ ಹಳ್ಳದ ಮರಳು ಜಾಲಿಸಿ ಕೂಡಿಟ್ಟ ಚಿನ್ನದ ಕಾಳುಗಳು ಅದರಲ್ಲಿದ್ದವು, ಸಾಸಿವೆಗಿಂತ ಸಣ್ಣವು. ಇವು ನಮ್ಮೂರ ಗುಡ್ಡದ ಬಂಡೆಯಿಂದಲೇ ಬಂದವು ಎಂದು ಅಪ್ಪ ಸಾಯುವತನಕ ಹೇಳಿದ. ಊರಿನವರು ಹುಚ್ಚ ಎಂದರು. ನಾನೂ ಅಂದಿದ್ದೆ. ಅವನ ಮಾತು ನಿಜವೋ ಸುಳ್ಳೋ ಈಗಲಾದರೂ ತಿಳಿಯಬೇಕಿತ್ತು.

ಗೊರಗುಂಟೆಪಾಳ್ಯ ದಾಟಲು ಬಸ್ಸಿಗೆ ಮುಕ್ಕಾಲು ಗಂಟೆ ಹಿಡಿಯಿತು. ಇಪ್ಪತ್ತೈದು ರೂಪಾಯಿ ಟಿಕೆಟ್ಟಿಗೆ ಹೊಗೆ ಪುಕ್ಕಟೆ. "ಹೆಬ್ಬಾಳ ಇನ್ನೂ ಕೆಟ್ಟದಾಗಿರುತ್ತೆ ಗುರು, ನಿದ್ದೆ ಮಾಡು" ಎಂದ ಪಕ್ಕದವನು. ನಿದ್ದೆ ಎಲ್ಲಿಯದು! ಅಲ್ಲಾಳಸಂದ್ರದಲ್ಲಿ ಇಳಿದು, ಎರಡು ಇಡ್ಲಿ ತಿಂದು, ಕೆರೆಯ ಪಕ್ಕದ ಬೀದಿಯಲ್ಲಿ ಮೇಡಂ ಮನೆ ಹುಡುಕಿದೆ. ಅವರು ಭೂವಿಜ್ಞಾನ ಕಲಿಸಿ ನಿವೃತ್ತರಾದವರು; ಕಾಳು ತಂದರೆ ನೋಡಿ ಹೇಳುತ್ತೇನೆ ಎಂದು ಫೋನಿನಲ್ಲಿ ಒಪ್ಪಿದ್ದರು.

ಅವರು ಕಾಳುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಹೊರಳಿಸಿ ನೋಡಿದರು.

"ಇಷ್ಟು ಹೊಳೀತಾ ಇದೆಯಲ್ಲ, ಏನ್ ಮಾಡಿದ್ರಿ?"

"ನಿನ್ನೆ ತೇಜಾಬಿನ್ಯಾಗ ಕುದಿಸೀನ್ರಿ. ನಾವು ಅಕ್ಕಸಾಲಿಗರು. ಹೊಲಸ ಬಂಗಾರ ಯಾರ ಕೈಯಾಗೂ ಕೊಡಂಗಿಲ್ಲ."

"ಆಸಿಡ್ನಲ್ಲಾ? ಎಲ್ಲಾನೂ?"

"ಎಲ್ಲಾನೂ ರೀ."

ಅವರು ಕನ್ನಡಕ ತೆಗೆದಿಟ್ಟರು. ಬಂಡೆಯ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತದಂತೆ. ಮಣ್ಣಿನಲ್ಲಿ ಸಾವಿರಾರು ವರ್ಷ ಬಿದ್ದ ಕಾಳಿನ ಹೊರಮೈಯ ಬೆಳ್ಳಿಯನ್ನು ನೀರು, ಉಪ್ಪು, ಹುಳಿ ಕರಗಿಸಿ ಒಯ್ಯುತ್ತವೆ. ಅಪ್ಪಟ ಚಿನ್ನದ ತೆಳು ಸಿಪ್ಪೆ ಉಳಿಯುತ್ತದೆ. ಆ ಸಿಪ್ಪೆಯ ದಪ್ಪ ಮತ್ತು ಕುಳಿಗಳಲ್ಲಿ ಕಚ್ಚಿಕೊಂಡ ಮಣ್ಣು ನೋಡಿ, ಕಾಳು ಹತ್ತಿರದ ಬಂಡೆಯದೋ ದೂರದ್ದೋ ಎಂದು ಅಂದಾಜು ಮಾಡುತ್ತಾರೆ.

"ತೇಜಾಬೂ ಅದೇ ಕೆಲಸ ಮಾಡುತ್ತೆ ಕಣ್ರೀ. ಮಣ್ಣು ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು, ನಾನೀಗ ಹೇಳಕ್ಕಾಗಲ್ಲ. ಹಳ್ಳದಿಂದ ಬೇರೆ ಕಾಳು ತರ್ತೀರಾ?"

ಆ ಹಳ್ಳದ ಮರಳನ್ನು ಲಾರಿಗಳು ಬಗೆದು ಒಯ್ದು ಆರು ವರ್ಷವಾಯಿತು. ಇಲ್ಲವೆಂದು ತಲೆಯಾಡಿಸಿದೆ. ಮೇಡಂ ಕಾಫಿ ಕೊಟ್ಟರು. ಕುಡಿದು ಸೀಸೆಯನ್ನು ಜೇಬಿಗೆ ಹಾಕಿಕೊಂಡೆ.

ಸಂಜೆ ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಸೀಸೆಯನ್ನು ಬೆಳಕಿಗೆ ಹಿಡಿದೆ. ಕಾಳುಗಳು ಕಣ್ಣು ಕುಕ್ಕುವಷ್ಟು ಚೆನ್ನಾಗಿ ಹೊಳೆಯುತ್ತಿದ್ದವು. ನನಗಿಂತ ದೊಡ್ಡ ಕಸಬುದಾರನಾದ ಅಪ್ಪ ಅವನ್ನು ಒಮ್ಮೆಯೂ ತೊಳೆದಿರಲಿಲ್ಲ, ಕೆಂಪು ಮಣ್ಣಿನ ಸಮೇತ ಡಬ್ಬಿಯಲ್ಲಿಟ್ಟಿದ್ದ. ಅದನ್ನು ನಾನು ಇಷ್ಟು ವರ್ಷ ಅವನ ಮೈಗಳ್ಳತನ ಅಂದುಕೊಂಡಿದ್ದೆ.