ಮೂರು ಬೆರಳಿನ ಮಾಂತ್ರಿಕನ ಹುರಿಗಡಲೆ

ನಮ್ಮ ಕಡೆ ನಾಟಕದ ಖಳನನ್ನು ಅಳೆಯುವುದಕ್ಕೆ ಚಪ್ಪಾಳೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾಟಕ ಮುಗಿದ ಮೇಲೆ ಎಷ್ಟು ಜನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಣ್ಣದ ಕೋಣೆಯ ಬಾಗಿಲಿಗೆ ಬಂದರು ಅನ್ನುವುದೇ ಲೆಕ್ಕ. ಹೆದರಿದ ಮಗುವನ್ನು ಹಾಗೇ ಮನೆಗೆ ಕರೆದುಕೊಂಡು ಹೋದರೆ ಜ್ವರ ಬರುತ್ತದೆ ಅನ್ನುವುದು ಮುಳಬಾಗಿಲಿನ ಹೆಂಗಸರ ನಂಬಿಕೆ. ಖಳ ಬಣ್ಣ ತೊಳೆಯುವ ಮುಂಚೆಯೇ ಮಗುವನ್ನು ಅವನ ಮುಂದೆ ನಿಲ್ಲಿಸಬೇಕು. ಅವನು ತನ್ನ ಕೈಯಾರೆ ಅದರ ಬಾಯಿಗೆ ನಾಲ್ಕು ಕಾಳು ಹುರಿಗಡಲೆ, ಚೂರು ಬೆಲ್ಲ ಹಾಕಿ "ನಾನೂ ನಿಮ್ಮೂರೋನೇ ಕಣಪ್ಪ" ಅನ್ನಬೇಕು. ಆಗ ಹೆದರಿಕೆ ಇಳಿಯುತ್ತದೆ. ಸಾಲು ಉದ್ದವಾದಷ್ಟೂ ಖಳ ದೊಡ್ಡವನು.

ನಮ್ಮಪ್ಪನ ಸಾಲು ಯಾವತ್ತೂ ಉದ್ದ ಇರಲಿಲ್ಲ. ಅಮ್ಮ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ ಹುರಿಗಡಲೆ ತುಂಬಿಕೊಂಡು ಹೋದವನು ಹೆಚ್ಚುಕಮ್ಮಿ ಹಾಗೇ ವಾಪಸ್ ತರುತ್ತಿದ್ದ. ದಾರಿಯುದ್ದಕ್ಕೂ ನಾನು ಅದನ್ನು ಮೇಯುತ್ತಾ ಬರುತ್ತಿದ್ದೆ. ಚೀಲ ಹಗುರವಾದರೆ ಅಪ್ಪನ ಮನಸ್ಸೂ ಹಗುರವಾಗುತ್ತದೆ ಅಂದುಕೊಂಡಿದ್ದೆನೋ, ಇಲ್ಲ ಬರೀ ಹೊಟ್ಟೆಬಾಕತನವೋ, ಈಗ ಹೇಳುವುದು ಕಷ್ಟ. ಅಪ್ಪ ನನ್ನ ಕಡೆ ನೋಡದೆ ಕೇಳುತ್ತಿದ್ದ, "ಹೆಂಗಿತ್ತಮ್ಮ?" "ಚೆನ್ನಾಗಿತ್ತಪ್ಪ" ಅನ್ನುತ್ತಿದ್ದೆ, ಬಾಯಿ ತುಂಬ ಕಡಲೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ತಾಯಲೂರಿನ ದಾರಿಯಲ್ಲಿ ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಹುಳು. ಹುಳು ಇರುವ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬಾರದು ಅಂತ ನಮ್ಮಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಹುಟ್ಟಿದಾಗಿನಿಂದ ಆ ಮನೆಯಲ್ಲೇ ಬೆಳೆದ ಅಪ್ಪನ ಗಂಟಲಿಗೆ ಜೋರು ಅನ್ನುವುದೇ ಗೊತ್ತಿರಲಿಲ್ಲ. ಜೋರೆಲ್ಲ ನನಗೆ ಬಂದಿತ್ತು. ಅಂಥ ಮನುಷ್ಯ ಖಳನ ಪಾತ್ರಕ್ಕೆ ಆಸೆಪಟ್ಟದ್ದು ನನ್ನ ಪುಸ್ತಕ ನೋಡಿ.

ಬಸ್ ನಿಲ್ದಾಣದ ಅಂಗಡಿಯಲ್ಲಿ ಮಕ್ಕಳ ಮಾಸಪತ್ರಿಕೆಯೊಂದು ಬರುತ್ತಿತ್ತು. ಅದರ ನಡುವಿನ ಪುಟಗಳಲ್ಲಿ ಚಿತ್ರಕಥೆ. ಮಾತೆಲ್ಲ ಬಾಯಿಂದ ಹೊರಟ ಗುಳ್ಳೆಗಳ ಒಳಗೆ. ಅದರಲ್ಲೊಬ್ಬ ಹಸಿರು ಮುಖದ, ಬಲಗೈಯಲ್ಲಿ ಮೂರೇ ಬೆರಳಿನ ಮಾಂತ್ರಿಕ. ಮಕ್ಕಳ ದನಿ ಕದ್ದು ಮಡಕೆಗಳಲ್ಲಿ ತುಂಬಿಟ್ಟುಕೊಂಡು ಗವಿಯಲ್ಲಿ ಇರುತ್ತಾನೆ. ಜೊತೆಗೆ ಒಂದು ಮುದಿ ಕಾಗೆ ಬಿಟ್ಟರೆ ಯಾರೂ ಇಲ್ಲ. ಪೌರಾಣಿಕ ಆಡಿ ಆಡಿ ಬೇಸತ್ತಿದ್ದ ನಮ್ಮೂರಿನ ಮಂಡಳಿಯವರು, ಮಕ್ಕಳು ಊಟದ ಹೊತ್ತಿಗೆ ಮನೆ ಸೇರುವಂಥ ನಾಟಕ ಬೇಕು ಅಂತ ಈ ಕಥೆಯನ್ನೇ ನಾಟಕ ಮಾಡಿದರು. ಪುಸ್ತಕ ನನ್ನದು ಅನ್ನುವ ಹಕ್ಕಿನಿಂದ ನನಗೂ ಒಂದು ಅಧಿಕಾರ ಸಿಕ್ಕಿತು. ಬಣ್ಣ ಹಚ್ಚುವಾಗ ಚಿತ್ರವನ್ನು ಅಪ್ಪನ ಮುಖದ ಪಕ್ಕ ಹಿಡಿದು, ಹುಬ್ಬು ಇನ್ನೂ ಮೇಲೆ, ಹಸಿರು ಸಾಲದು ಅಂತ ಹೇಳುವ ಅಧಿಕಾರ. ಹೈಸ್ಕೂಲು ಹುಡುಗಿಗೆ ಇನ್ನೇನು ಬೇಕು? ಮೆರೆದುಬಿಟ್ಟೆ.

ನಾಟಕ ಗೆದ್ದಿತು. ಗೆದ್ದದ್ದನ್ನು ನೋಡಿ ಶ್ರೀನಿವಾಸಪುರದವರು ಆಡಿದರು, ಮಾಲೂರಿನವರೂ ಆಡಿದರು. ಮೂರು ಊರು, ಮೂವರು ಮಾಂತ್ರಿಕರು. ಸಂತೆಗೆ ಹೋದ ಗಂಡಸರೆಲ್ಲ ಟೊಮೇಟೊ ಧಾರಣೆ ಮಾತಾಡುವುದು ಬಿಟ್ಟು ಯಾರ ಮಾಂತ್ರಿಕ ವಾಸಿ ಅಂತ ವಾದಕ್ಕೆ ನಿಲ್ಲುತ್ತಿದ್ದರು.

ಶ್ರೀನಿವಾಸಪುರದ ಮಾಂತ್ರಿಕ ಮಾವಿನ ಮಂಡಿಯ ಸಾಹೇಬರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಆ ನಗು ಶುರುವಾದರೆ ಕೊನೆಗೆ ಕೆಮ್ಮಾಗಿ ಮುಗಿಯುತ್ತಿತ್ತು. ರಾಜಕುಮಾರನ ಪಾತ್ರದವನೇ ಹೋಗಿ ಬೆನ್ನು ತಟ್ಟಬೇಕು. ಮಾತು ಮರೆತರೆ ದಖ್ಖನಿ ಉರ್ದುವಿನಲ್ಲಿ ಒಂದು ಶಾಪ ಹಾಕಿ ಮುಂದಕ್ಕೆ ಹೋಗುತ್ತಿದ್ದರು. ಅದು ಕನ್ನಡದ ಶಾಪಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು. ಅವರ ಮುಂದೆ ನಿಲ್ಲುತ್ತಿದ್ದ ಸಾಲು ಮೂವರಲ್ಲೇ ಉದ್ದ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಯಾಕೆಂದರೆ ಅವರು ಹುರಿಗಡಲೆ ಬದಲು ಮಾವಿನಹಣ್ಣು ಕೊಡುತ್ತಿದ್ದರು. "ಅದು ಹೆದರಿಕೆ ಸಾಲಲ್ಲ ಕಣ್ರೀ, ಹಣ್ಣಿನ ಸಾಲು" ಅಂತ ನಮ್ಮ ಮಂಡಳಿಯ ಯಜಮಾನರು, ಬಟ್ಟೆ ಅಂಗಡಿಯವರು, ಅದನ್ನು ಹೊಡೆದುಹಾಕಿದರು. ನಾನೂ ಜೋರಾಗಿ ನಕ್ಕಿದ್ದೆ.

ಮಾಲೂರಿನವನನ್ನು ನೋಡಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಆತ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಒಣಕಲು ಆಳು. ಇವನೇನು ಮಾಡಿಯಾನು ಅಂತ ನಾನು ಕಾಲಾಡಿಸುತ್ತಾ ಕೂತಿದ್ದೆ. ಆತ ನಗಲಿಲ್ಲ, ಕೂಗಲಿಲ್ಲ. ಮೆಲ್ಲಗೆ ರಂಗದ ಅಂಚಿಗೆ ಬಂದು, ಆ ಮೂರು ಬೆರಳು ಚಾಚಿ ಮುಂದಿನ ಸಾಲಿನ ಮಕ್ಕಳ ತಲೆ ಎಣಿಸತೊಡಗಿದ. ಒಂದೊಂದೇ ತಲೆ. ಎಣಿಸುತ್ತಾ ಎಣಿಸುತ್ತಾ ನನ್ನ ತನಕ ಬಂದು ನಿಲ್ಲಿಸಿ, ನನ್ನನ್ನೇ ನೋಡಿದ. ಅಷ್ಟು ದೊಡ್ಡ ಹುಡುಗಿ ನಾನು, ಅಪ್ಪನ ಅಂಗಿ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟೆ.

ಅಪ್ಪ ರಂಗ ನೋಡಲಿಲ್ಲ, ನನ್ನ ಕೈ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯ ಮುಂದೆ ಸಾಲು ಬೀದಿಯ ತಿರುವಿನ ತನಕ ನಿಂತಿತ್ತು. ಅಪ್ಪ ಸಾಲಿನ ಪಕ್ಕದಲ್ಲೇ ನಡೆದು ಹೋಗಿ ಮೇಸ್ತ್ರಿಯ ಕೈ ಹಿಡಿದು "ಭಾಳ ಚೆನ್ನಾಗಿ ಮಾಡಿದ್ರಿ" ಅಂದ. ಬಸ್ಸಿನಲ್ಲಿ ಬರುವಾಗ ಯಾರ ಬಗ್ಗೆಯೂ ಏನೂ ಕೇಳಲಿಲ್ಲ.

ಅದೇ ವರ್ಷ, ಎಲ್ಲ ಊರಿನ ಮಂಡಳಿಗಳೂ ಸೇರಿ ಕೋಲಾರದಲ್ಲಿ ಈ ನಾಟಕವನ್ನು ಒಂದು ಸಲ ಆಡಬೇಕು ಅಂತ ಮಾತಾಯಿತು. ನಾಟಕ ಒಂದೇ, ಮಾಂತ್ರಿಕನೂ ಒಬ್ಬನೇ. ಅಪ್ಪನಿಗೆ ಕೋಲಾರದ ರಂಗದ ಮೇಲೆ ನಿಲ್ಲುವ ಆಸೆ ಎಷ್ಟಿತ್ತು ಅಂದರೆ, ಎಂದೂ ಏನನ್ನೂ ಬೇಡದ ಮನುಷ್ಯ ಅಮ್ಮನ ಹತ್ತಿರ ಬಾಯಿ ಬಿಟ್ಟು ಹೇಳಿದ: "ಕೋಲಾರ್ದಲ್ಲಿ ಒಂದ್ಸಲ ಆಡ್ಬಿಟ್ರೆ ಸಾಕು ಕಣೇ. ಆಮೇಲೆ ಹುಳ, ಸೊಪ್ಪು, ಅಷ್ಟೇ ನಾನು." ಯಜಮಾನರಿಗೆ ಅಪ್ಪನ ಮೇಲೆ ಪ್ರೀತಿ, ಆದರೆ ಅವರೂ ಮಾಲೂರಿನ ಸಾಲನ್ನು ಕಣ್ಣಾರೆ ಕಂಡಿದ್ದರು. "ಬರೋ ಭಾನುವಾರ ನಮ್ಮೂರಲ್ಲಿ ನೀನು ಆಡು. ಸಾಲು ನೋಡಿ ತೀರ್ಮಾನ ಮಾಡೋಣ" ಅಂದರು.

ಮೂಲೆಯಲ್ಲಿ ಕೂತಿದ್ದ ಅಜ್ಜಿ ತೆಲುಗಿನಲ್ಲಿ ಗೊಣಗಿದಳು, "ಪಿಲ್ಲಲು ನಿನ್ನು ಚೂಸಿ ಭಯಪಡ್ತಾರಾ?" ಮಕ್ಕಳು ನಿನ್ನನ್ನು ಕಂಡು ಹೆದರುತ್ತವಾ ಅಂತ. ಅಪ್ಪ ನಕ್ಕ. ನನಗೆ ಮೈ ಉರಿಯಿತು. ಅಜ್ಜಿಯ ಮೇಲಲ್ಲ, ನನ್ನ ಮೇಲೆ. ಮಾಲೂರಿನಲ್ಲಿ ಆ ತೋಳು ಹಿಡಿದವಳು ನಾನಲ್ಲವೆ?

ಅದನ್ನು ಸರಿಮಾಡುತ್ತೇನೆ ಅಂತ ಹೊರಟೆ. ನಮ್ಮ ಬೀದಿ, ಹಿಂದಿನ ಬೀದಿ, ಮಸೀದಿ ಪಕ್ಕದ ಬೀದಿ, ಎಲ್ಲ ಕಡೆಯ ಚಿಳ್ಳೆಪಿಳ್ಳೆಗಳನ್ನು ನಮ್ಮ ಹಿತ್ತಲಲ್ಲಿ ಸೇರಿಸಿದೆ. ಮಾಂತ್ರಿಕ ಬಂದಾಗ ಕಿರುಚಬೇಕು, ಮುಗಿದ ಮೇಲೆ ಅಮ್ಮಂದಿರ ಸೆರಗು ಹಿಡಿದು ಅಳಬೇಕು, ಬಣ್ಣದ ಕೋಣೆಗೆ ಕರೆದುಕೊಂಡು ಹೋಗು ಅಂತ ಹಟ ಮಾಡಬೇಕು. ಅಳು ಬರದಿದ್ದರೆ ಕಣ್ಣು ಉಜ್ಜಿಕೊಳ್ಳಬೇಕು. ಯಾರಾದರೂ ನಿಜವಾಗಲೂ ಹೆದರಿದ್ಯಾ ಅಂತ ಕೇಳಿದರೆ "ಅಮ್ಮನಾಣೆ" ಅನ್ನಬೇಕು. ಎಲ್ಲರ ಕೈಯಲ್ಲೂ ಒಂದೊಂದು ಸಲ ಆಣೆ ಮಾಡಿಸಿ ನೋಡಿದೆ. ಚೆನ್ನಾಗಿ ಮಾಡಿದವರನ್ನು ಹೊಗಳಿದೆ. ಅಪ್ಪನಿಗಿಂತ ಚೆನ್ನಾಗಿ ನಾಟಕ ಆಡಿಸಬಲ್ಲೆ ಅಂತ ಒಳಗೊಳಗೇ ಜಂಬ ಬೇರೆ.

ಭಾನುವಾರ ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಅಪ್ಪ ರಂಗಕ್ಕೆ ಬಂದ ಕೂಡಲೇ ಮಕ್ಕಳು ಚಪ್ಪರ ಹಾರಿಹೋಗುವ ಹಾಗೆ ಕಿರುಚಿದವು. ಅಪ್ಪ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಎದೆ ಸೆಟೆಸಿ ನಡೆದ. ಅವತ್ತು ಅವನ ದನಿಯೂ ಎದ್ದಿತ್ತು. ಮುಗಿದ ಮೇಲೆ ಸಾಲೋ ಸಾಲು. ಅಪ್ಪ ಬಣ್ಣದ ಮುಖದಲ್ಲೇ ಮುಕ್ಕಾಲಿಯ ಮೇಲೆ ಕೂತು ಒಂದೊಂದು ಮಗುವಿನ ಬಾಯಿಗೂ ಹುರಿಗಡಲೆ ಹಾಕುತ್ತಿದ್ದ. "ನಾನೂ ನಿಮ್ಮೂರೋನೇ ಕಣಪ್ಪ, ಹೆದರ್ಬೇಡ." ಹಸಿರು ಬಣ್ಣದ ಮೇಲೆ ಕಣ್ಣೀರಿನ ಎರಡು ಗೆರೆ. ಯಜಮಾನರು ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. ನಾನು ಪುಸ್ತಕ ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ಆಗ ಬಳೆ ಅಂಗಡಿಯವರ ಪುಟ್ಟ ಹುಡುಗಿಯ ಸರದಿ ಬಂತು. ಅದು ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿತ್ತು. ಅಪ್ಪ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು "ಅಷ್ಟೊಂದು ಹೆದರ್ಕೊಂಡ್ಯಾ ಕಂದಾ?" ಅಂದ.

"ಅಮ್ಮನಾಣೆ" ಅಂತು ಮಗು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಸರೀಗ್ ಹೇಳಿದ್ನಾ?" ಅಂತ ಕೇಳಿತು.

ಯಾರೂ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಪುಸ್ತಕದ್ದೇನು ತಪ್ಪಿತ್ತೋ. ಅಪ್ಪ ಮಗುವಿನ ಬಾಯಿಗೆ ಕಡಲೆ ಹಾಕಿ ಕೆಳಗಿಳಿಸಿದ. ಆಮೇಲಿನ ಮಕ್ಕಳಿಗೂ ಹಾಕಿದ, ಸಾಲಿನ ಕೊನೆಯ ಮಗುವಿನ ತನಕ, ಪ್ರತಿಯೊಂದಕ್ಕೂ ಅದೇ ಮಾತು ಹೇಳುತ್ತಾ. ಎಲ್ಲ ಸುಳ್ಳು ಅಂತ ಗೊತ್ತಿದ್ದೂ ಎಲ್ಲರ ಹೆದರಿಕೆ ಇಳಿಸಿದ. ಚೀಲ ಬರಿದಾದ ಮೇಲೆ ಅದನ್ನು ಕೊಡವಿ, ಮಡಿಸಿ, ಯಜಮಾನರಿಗೆ ಹೇಳಿದ, "ಕೋಲಾರಕ್ಕೆ ಮಾಲೂರೋರೇ ಹೋಗ್ಲಿ ಸ್ವಾಮಿ. ನಾನು ಬಣ್ಣ ಹಚ್ಚಿಕೊಡ್ತೀನಿ."

ಹಚ್ಚಿಕೊಟ್ಟ ಕೂಡ. ಕೋಲಾರದಲ್ಲಿ ಮೇಸ್ತ್ರಿಯ ಮುಖಕ್ಕೆ ಮೊದಲ ಹಸಿರು ಎಳೆದದ್ದು ನಮ್ಮಪ್ಪನ ಬೆರಳು. ಪುಸ್ತಕ ಹಿಡಿಯಲು ನನ್ನನ್ನು ಕರೆಯಲಿಲ್ಲ. ಚಿತ್ರ ಅವನಿಗೆ ಬಾಯಿಪಾಠವಾಗಿತ್ತು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಎರಡು ಬಾರಿಸಿದ್ದರೆ ಇನ್ನೂ ಚೆನ್ನ. ನಮ್ಮಮ್ಮನಾಗಿದ್ದರೆ ಪೊರಕೆ ಮುರಿಯುವ ತನಕ ಬಿಡುತ್ತಿರಲಿಲ್ಲ, ಆಮೇಲೆ ಇಬ್ಬರೂ ಅತ್ತು ಊಟಕ್ಕೆ ಕೂರುತ್ತಿದ್ದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಪ್ರೀತಿಗೇನೂ ಕಮ್ಮಿ ಮಾಡಲಿಲ್ಲ. "ಹೆಂಗಿತ್ತಮ್ಮ?" ಅಂತ ಕೇಳುವುದನ್ನು ಮಾತ್ರ ನಿಲ್ಲಿಸಿಬಿಟ್ಟ. ನಾಟಕದ ಮಾತಿರಲಿ, ಹೊಸ ಅಂಗಿ ಹಾಕಿಕೊಂಡರೆ, ಗೂಡು ಚೆನ್ನಾಗಿ ಬಂದರೆ, ಅವನೇ ಒಂದು ದಿನ ಉಪ್ಪಿಟ್ಟು ಕಲಸಿದರೆ, ಮೊದಲೆಲ್ಲ ನನ್ನ ಮುಖ ನೋಡಿ ಕೇಳುತ್ತಿದ್ದವನು ಆಮೇಲೆ ಅಮ್ಮನನ್ನು ಕೇಳುತ್ತಿದ್ದ. ನಾನೇ ಮುಂದೆ ಬಿದ್ದು "ಚೆನ್ನಾಗಿದೆಯಪ್ಪ" ಅಂದರೆ "ಹ್ಞೂಂ" ಅನ್ನುತ್ತಿದ್ದ.

ನಾನು ಮದುವೆಯಾಗಿ ಶ್ರೀನಿವಾಸಪುರ ಸೇರಿ, ಮಗಳು ಹುಟ್ಟಿದ ಮೇಲೆ, ಎಂಬತ್ತರ ದಶಕದಲ್ಲಿ ಮುಳಬಾಗಿಲಿನ ಕಾಲೇಜು ಹುಡುಗರು ಆ ನಾಟಕವನ್ನು ಮತ್ತೆ ಎತ್ತಿಕೊಂಡರು. ತವರಿಗೆ ಬಂದಿದ್ದ ನಾನು ಮಗಳ ಜೊತೆ ಹೋದೆ. ಅಪ್ಪ ಬರಲಿಲ್ಲ, ಹುಳು ಪೊರೆ ಕಳಚುವ ನಾಲ್ಕನೇ ಜ್ವರದಲ್ಲಿವೆ ಅಂದ. ಹೊಸ ಮಾಂತ್ರಿಕನಿಗೆ ಮೈಕು, ಹೊಗೆ, ಕೆಂಪು ದೀಪ, ಎಲ್ಲ ಇತ್ತು. ಹುಡುಗ ಚೆನ್ನಾಗೇ ಅಬ್ಬರಿಸಿದ, ನನ್ನ ಮಗಳು ನನ್ನ ಮಡಿಲಿಗೆ ಹತ್ತಿಕೊಂಡಳು. ಆಮೇಲೆ ಕಾಗೆ ಸಾಯುವ ದೃಶ್ಯ ಬಂತು. ಹುಡುಗ ಕಾಗೆಯನ್ನು ಕಾಲಿನಿಂದ ಒದ್ದು ಗಹಗಹಿಸಿದ, ಜನ ಶಿಳ್ಳೆ ಹೊಡೆದರು.

ನಮ್ಮಪ್ಪ ಹಾಗೆ ಮಾಡುತ್ತಿರಲಿಲ್ಲ. ಹಳೇ ಕೊಡೆ ಬಟ್ಟೆಯಲ್ಲಿ ಅಮ್ಮ ಹೊಲಿದಿದ್ದ ಆ ಕಾಗೆಯನ್ನು, ಹುಳುವನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ. ನಮಗೆ ಬೆನ್ನು ಮಾಡಿ ಕೂತು ಮಡಕೆಗಳನ್ನು ಒಂದೊಂದಾಗಿ ತೆರೆದು, ಕದ್ದ ದನಿಗಳಲ್ಲಿ ಯಾವುದಾದರೂ ಅದಕ್ಕೆ ಹೊಂದೀತೇನೋ ಅಂತ ಅದರ ಕೊಕ್ಕಿನ ಹತ್ತಿರ ಹಿಡಿಯುತ್ತಿದ್ದ. ಯಾವುದೂ ಹೊಂದುತ್ತಿರಲಿಲ್ಲ. ಚಿತ್ರಕಥೆಯಲ್ಲೂ ಅದು ಇರಲಿಲ್ಲ, ಅವನೇ ಸೇರಿಸಿದ್ದು. ಆ ಹೊತ್ತಿನಲ್ಲಿ ಇಡೀ ಮೈದಾನ ತಣ್ಣಗಾಗುತ್ತಿತ್ತು. ಮಾಲೂರಿನ ಮೇಸ್ತ್ರಿ ಹೆದರಿಸಿದ, ಸಾಹೇಬರು ನಗಿಸಿದರು. ಆ ಮಾಂತ್ರಿಕನಿಗೆ ಜಗತ್ತಿನಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ದದ್ದು ನಮ್ಮಪ್ಪನೊಬ್ಬನಿಗೆ. ಹೆದರದ ಮಕ್ಕಳು ಯಾಕೆ ಸಾಲು ನಿಲ್ಲುತ್ತಾರೆ? ನಾಟಕದುದ್ದಕ್ಕೂ ಮುಂದೆ ಕೂತು ಕಡಲೆ ಯಾವಾಗ ಸಿಗುತ್ತದೆ ಅಂತ ಕಾದವಳಿಗೆ ಇದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಮಗಳನ್ನು ತಬ್ಬಿಕೊಂಡು ಅಲ್ಲೇ ಅತ್ತುಬಿಟ್ಟೆ.

ಬೆಳಿಗ್ಗೆ ಅಪ್ಪ ಹುಳುವಿನ ತಟ್ಟೆ ತೊಳೆದು ಬಿಸಿಲಿಗೆ ಒರಗಿಸುತ್ತಿದ್ದ. ಹತ್ತಿರ ಹೋಗಿ ಹೇಳಿದೆ. "ಅಪ್ಪ, ನೆನ್ನೆ ನೋಡ್ದೆ. ಎಲ್ಲರ್ನೂ ನೋಡಿದೀನಿ ನಾನು, ಮಾಲೂರೋರ್ನೂ, ಸಾಹೇಬ್ರನ್ನೂ, ಈ ಹುಡುಗನ್ನೂ. ನಿನ್ನಷ್ಟು ಚೆನ್ನಾಗಿ ಯಾರೂ ಮಾಡ್ಲಿಲ್ಲಪ್ಪ. ಆ ಕಾಗೆ..."

ಅಪ್ಪ ತಟ್ಟೆಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವ ಮಗುವನ್ನು ಸಮಾಧಾನ ಮಾಡುವಾಗಿನ ನಗು ಇತ್ತು.

"ಆಯ್ತು ಬಿಡಮ್ಮ. ನಾನೆಲ್ಲ ಅವತ್ತೇ ಮರ್ತಿದೀನಿ. ನನ್ ಮನಸ್ಸಿಗೆ ಅಂತ ನೀನು ಹಿಂಗೆಲ್ಲ ಹೇಳ್ಬೇಕಾಗಿಲ್ಲ" ಅಂದ.

ಇದು ನಿಜ ಅಪ್ಪ, ಅಮ್ಮನಾಣೆ, ಅನ್ನುವುದಕ್ಕೆ ಬಾಯಿ ತೆರೆದೆ. ಆ ಮಾತನ್ನು ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟವಳು ನಾನೇ. ಬಾಯಿ ಮುಚ್ಚಿಕೊಂಡು, ಅವನ ಜೊತೆ ಮಿಕ್ಕ ತಟ್ಟೆಗಳನ್ನು ತೊಳೆಯಲು ಕೂತೆ.